ಹಾರುವ ಮೊದಲು

ಮೊದಲು ಕಣ್ಣಿಗೆ ಬೀಳುವುದು ರೋಮ. ಜೇನುನೊಣದ ತಲೆಯ ಮೇಲೆ, ಎದೆಯ ಮೇಲೆ, ಕಾಲಿನ ಗೆಣ್ಣುಗಳ ಸುತ್ತ ಹೊಂಬಣ್ಣದ ನವಿರು ರೋಮ. ಎರಿಕ್ ರೋಮನ್ ತೈಲವರ್ಣದಲ್ಲಿ ಅದನ್ನು ಎಷ್ಟು ಸಾವಧಾನದಿಂದ ಬಿಡಿಸಿದ್ದಾರೆಂದರೆ, ಪುಟ ತೆರೆದೊಡನೆ ಮಕ್ಕಳ ಬೆರಳು ಸವರಲು ಹೋಗುತ್ತದೆ. ಕ್ಯಾಂಡೇಸ್ ಫ್ಲೆಮಿಂಗ್ ಬರೆದ ಈ ‘ಹನಿಬೀ’ 2020ರಲ್ಲಿ ಅಮೆರಿಕದಲ್ಲಿ ಹೊರಬಂತು. ಮಕ್ಕಳ ಮಾಹಿತಿ ಪುಸ್ತಕಗಳಿಗೆ ಅಲ್ಲಿ ಕೊಡುವ ಸೀಬರ್ಟ್ ಪದಕ ಮರುವರ್ಷ ಅದಕ್ಕೇ ಸಂದಿತು.

ಕತೆಯೆಂದರೆ ಒಂದೇ ನೊಣದ ಆಯುಷ್ಯ, ಅಷ್ಟೇ. ಹೆಸರು ಏಪಿಸ್. ಮೇಣದ ಮುಚ್ಚಳ ಕಡಿದು ಕೋಣೆಯಿಂದ ತಲೆ ಹೊರಗಿಟ್ಟವಳು ಇನ್ನೇನು ರೆಕ್ಕೆ ಬಿಚ್ಚುತ್ತಾಳೆ ಎಂದುಕೊಂಡು ಪುಟ ತಿರುಗಿಸಿದರೆ, ಇಲ್ಲ, ಕಸ ತೆಗೆಯುವ ಕೆಲಸ ಕಾದಿದೆ. ಅದಾದ ಮೇಲೆ ಹಾರಬಹುದೇ? ಇಲ್ಲ, ಮರಿಹುಳುಗಳಿಗೆ ಉಣಿಸಬೇಕು. ಆಮೇಲೆ ರಾಣಿಯ ಉಪಚಾರ. ಆಮೇಲೆ ಹೊಟ್ಟೆಯಡಿಯ ಗ್ರಂಥಿಗಳಿಂದ ಒಸರುವ ಮೇಣವನ್ನು ಜಗಿದು ಎರಿ ಕಟ್ಟಬೇಕು. ಹೊರಗಿನಿಂದ ಬಂದವರ ಬಾಯಿಂದ ಮಕರಂದ ಇಳಿಸಿಕೊಳ್ಳಬೇಕು. ಗೂಡಿನ ಬಾಗಿಲಲ್ಲಿ ಕಾವಲು ನಿಲ್ಲಬೇಕು. ಪ್ರತಿ ಸಲವೂ ಹಾರಾಟ ಮುಂದಕ್ಕೆ ಹೋಗುತ್ತದೆ, ಪ್ರತಿ ಸಲವೂ ಕೇಳುವ ಮಗು ಕುಳಿತಲ್ಲೇ ಚಡಪಡಿಸುತ್ತದೆ. ಜೇನುಗೂಡಿನಲ್ಲಿ ವಯಸ್ಸಿಗೆ ತಕ್ಕಂತೆ ಕೆಲಸ ಬದಲಾಗುತ್ತದೆಂಬ ಪಾಠವನ್ನು ಪಟ್ಟಿ ಮಾಡಿ ಹೇಳಿದ್ದರೆ ಎರಡೇ ಸಾಲಿಗೆ ಮುಗಿಯುತ್ತಿತ್ತು, ಮರುದಿನ ಮರೆತೂ ಹೋಗುತ್ತಿತ್ತು. ಫ್ಲೆಮಿಂಗ್ ಅದನ್ನು ಕಾಯುವ ಆಟ ಮಾಡಿದರು.

ಇಷ್ಟು ಹೊತ್ತೂ ನಾವು ಗೂಡಿನೊಳಗಿದ್ದೇವೆ. ಜೇನಿನದೇ ಬಣ್ಣ, ಒತ್ತೊತ್ತಾದ ಮೈಗಳು, ಆರು ಮೂಲೆಯ ಕೋಣೆಗಳು. ಎಷ್ಟು ಹತ್ತಿರವೆಂದರೆ ಉಸಿರಿಗೆ ಜಾಗ ಸಾಲದು. ಕೊನೆಗೆ 25ನೆಯ ದಿನ ಏಪಿಸ್ ಹಾರುತ್ತಾಳೆ. ಆಗ ಪುಸ್ತಕವೂ ಮಡಿಕೆ ಬಿಚ್ಚಿಕೊಂಡು ಎರಡೂ ಪಕ್ಕಕ್ಕೆ ಚಾಚುತ್ತದೆ: ಆಕಾಶ, ಹೂವಿನ ಬಯಲು. ಮಡಿಕೆಯ ಪುಟ ಹಳೆಯ ತಂತ್ರವೇ, ಹಲವೆಡೆ ಬರೀ ಬೆರಗಿಗಾಗಿ ಬಳಸಿದ್ದನ್ನು ಕಂಡಿದ್ದೇವೆ. ಇಲ್ಲಿ ಇಡೀ ಪುಸ್ತಕ ಕಾಯಿಸಿ, ಬಡ್ಡಿ ಸಮೇತ ಕೊಡುತ್ತದೆ.

ನೊಣಕ್ಕೆ ಉದ್ದ ರೆಪ್ಪೆ, ನಗುಮುಖ, ಕಾಲಿಗೆ ಬೂಟು ತೊಡಿಸುವ ಪುಸ್ತಕಗಳಿಗೆ ಬರವಿಲ್ಲ. ಹುಳ ಕಂಡರೆ ಮಗು ಹೆದರುತ್ತದೆಂದು ದೊಡ್ಡವರು ಮೊದಲೇ ತೀರ್ಮಾನಿಸಿ ಮಾಡಿದ ಏರ್ಪಾಡು ಅದು. ‘ಛೀ, ಮುಟ್ಟಬೇಡ’ ಎನ್ನುವವರು ಹೆಚ್ಚಾಗಿ ನಾವೇ. (ಹೆಜ್ಜೇನಿನ ಮಾತು ಬೇರೆ, ಅದರ ಹತ್ತಿರ ಯಾರೂ ಹೋಗಬಾರದು.) ರೋಮನ್ ನೊಣವನ್ನು ನೊಣವಾಗಿಯೇ ಬಿಟ್ಟಿದ್ದಾರೆ. ಅದರ ಮುಖದಲ್ಲಿ ನಮ್ಮ ಭಾವವೊಂದೂ ಇಲ್ಲ, ಆದರೂ ಏಪಿಸ್ ಸತ್ತಾಗ ಮಗು ಸುಮ್ಮನಾಗುತ್ತದೆ. ಹೌದು, ಸಾಯುತ್ತಾಳೆ, ಬೇಸಗೆಯ ಕೆಲಸಗಾರ ನೊಣಕ್ಕೆ ಐದಾರು ವಾರವೇ ಆಯುಷ್ಯ. ಅಷ್ಟು ದುಡಿದೂ ಅವಳ ಪಾಲಿನ ಜೇನು ಒಂದು ಟೀ ಚಮಚದ ಹನ್ನೆರಡನೆಯ ಒಂದು ಭಾಗ. ಅಡುಗೆಮನೆಯ ಚಮಚ ತಂದು ತೋರಿಸಿದರೆ ಈ ಲೆಕ್ಕಕ್ಕೆ ಬೇರೆ ವಿವರಣೆ ಬೇಡ. ಬರಹಗಾರ್ತಿ ಸಾವನ್ನು ಮುಚ್ಚಿಡದೆ, ಗೂಡಿನಲ್ಲಿ ಇನ್ನೊಂದು ನೊಣ ಹುಟ್ಟುವುದನ್ನೂ ತೋರಿಸುತ್ತಾರೆ.

ಸ್ಟೀವ್ ಜೆಂಕಿನ್ಸರ ‘ದ ಬೀಟಲ್ ಬುಕ್’ (2012) ಇದಕ್ಕೆ ತದ್ವಿರುದ್ಧ. ಅದರಲ್ಲಿ ಕತೆಯ ಎಳೆ ಇಲ್ಲ, ಬಿಳಿ ಹಾಳೆಯ ಮೇಲೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಜೀರುಂಡೆಗಳು ಮಾತ್ರ. ದೊಡ್ಡ ಚಿತ್ರದ ಜೊತೆಗೆ ಆ ಜೀರುಂಡೆಯ ನಿಜವಾದ ಅಳತೆಯ ಕಪ್ಪು ನೆರಳು. ಕೆಲವು ನೆರಳು ಚುಕ್ಕಿಯಷ್ಟೇ ಇವೆ, ಹುಡುಕಬೇಕು. ಕತೆ ಒಲ್ಲದ, ಸುಮ್ಮನೆ ನೋಡುತ್ತ ಕೂರುವ ಮಕ್ಕಳಿಗೆ ನಾನು ಇದನ್ನೇ ಕೊಡುವೆ.

ಎರಡೂ ಇಂಗ್ಲಿಷಿನವು. ಕನ್ನಡದ ಮನೆಯಲ್ಲಿ ಚಿತ್ರ ತೋರಿಸುತ್ತ ನಮ್ಮ ಮಾತಿನಲ್ಲೇ ಹೇಳಿಕೊಂಡು ಹೋದರಾಯಿತು. ‘ಹನಿಬೀ’ಯ ಕೊನೆಯಲ್ಲಿ ನೊಣದ ಅಂಗಾಂಗಗಳ ನಕ್ಷೆಯಿದೆ. ಅವಸರದವರು ಅದನ್ನು ಬಿಟ್ಟುಬಿಡುತ್ತಾರೆ, ಮಕ್ಕಳು ಬಿಡುವುದಿಲ್ಲ. ಹಿಂಗಾಲಿನ ಪರಾಗದ ಬುಟ್ಟಿ ಅವರಿಗೆ ವಿಶೇಷ ಇಷ್ಟ. ಮಲೆನಾಡಿನ ಅಂಗಳದ ಜೇನುಪೆಟ್ಟಿಗೆಯ ಮುಂದೆ, ಅಳತೆಯ ದೂರದಲ್ಲಿ ಕೂತರೆ ಆ ಬುಟ್ಟಿಗಳು ಹಳದಿ ತುಂಬಿಕೊಂಡು ಒಂದೊಂದಾಗಿ ಒಳಹೋಗುವುದು ಕಾಣುತ್ತದೆ. ಪುಸ್ತಕದ ನೊಣ ಏಪಿಸ್ ಮೆಲ್ಲಿಫೆರಾ. ಪೆಟ್ಟಿಗೆಯದು ತುಡುವೆಯಾದರೆ ಅದು ಏಪಿಸ್ ಸೆರಾನಾ, ಗಾತ್ರದಲ್ಲಿ ಚಿಕ್ಕದು, ಹೊಟ್ಟೆಯ ಪಟ್ಟೆಗಳು ಇನ್ನೂ ಸ್ಪಷ್ಟ. ಚಿತ್ರವನ್ನು ಚೆನ್ನಾಗಿ ನೋಡಿದ ಮಗು ಈ ವ್ಯತ್ಯಾಸವನ್ನು ತಾನೇ ಹಿಡಿದು, ಪುಸ್ತಕದವರು ತಪ್ಪು ಬರೆದಿದ್ದಾರೆಂದು ಜಗಳಕ್ಕೆ ನಿಲ್ಲುತ್ತದೆ.