ಮಂದ್ರಕ್ಕೆ ಮಾತ್ರ ಗಣಿತ

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು 1999ರಲ್ಲಿ ಸೂಪರ್ ಆಡಿಯೊ ಸಿ.ಡಿ.ಯನ್ನು ಹೊರತಂದ ತರುವಾಯ, ಮನೆಯ ಹಜಾರದಲ್ಲಿ ಐದಾರು ಸ್ಪೀಕರುಗಳನ್ನಿರಿಸಿಕೊಂಡು ಸಂಗೀತವನ್ನಾಲಿಸುವ ರಸಿಕರಲ್ಲಿ ಒಂದು ಮತಭೇದ ಬೆಳೆದುಬಂದಿದೆ. ಪ್ಲೇಯರಿನ ಬೆನ್ನಿನಿಂದ ಆರು ತಂತಿಗಳನ್ನೆಳೆದು ರಿಸೀವರಿನ ಅನಲಾಗ್ ದ್ವಾರಗಳಿಗೆ ಜೋಡಿಸಿ, ನಡುವೆ ಯಾವ ಗಣನೆಯೂ ಪ್ರವೇಶಿಸದಂತೆ ನಾದವನ್ನು ನೇರವಾಗಿ ಒಯ್ಯತಕ್ಕದ್ದೆಂಬುದು ಒಂದು ಪಕ್ಷ, ಎಚ್.ಡಿ.ಎಂ.ಐ. ತಂತಿಯೊಂದರಲ್ಲಿ ಅಂಕೆಗಳನ್ನು ಹರಿಯಬಿಟ್ಟು, ಕೋಣೆಯ ದೋಷಗಳನ್ನೆಲ್ಲ ಯಂತ್ರವೇ ಅಳೆದು ತಿದ್ದಲೆಂಬುದು ಇನ್ನೊಂದು.

ಮೊದಲನೆಯವರ ಕಳವಳ ನಿರಾಧಾರವಲ್ಲ. ಆ ಡಿಸ್ಕಿನಲ್ಲಿರುವುದು ಸೆಕೆಂಡಿಗೆ 28,22,400 ಬಾರಿ, ಒಂದೊಂದೇ ಬಿಟ್ಟಿನಂತೆ ಬರೆದಿಟ್ಟ ನಾದ. ಕೋಣೆಯ ತಿದ್ದುಪಡಿ ಬೇಕೆಂದೊಡನೆ ಹೆಚ್ಚಿನ ರಿಸೀವರುಗಳು ಅದನ್ನು ಪಿ.ಸಿ.ಎಂ. ರೂಪಕ್ಕೆ ಪರಿವರ್ತಿಸಿಯೇ ಕೆಲಸಕ್ಕಿಳಿಯುತ್ತವೆ. (ಅನಲಾಗ್ ದ್ವಾರದಿಂದ ಒಳಹೊಕ್ಕುದನ್ನೂ ಸದ್ದಿಲ್ಲದೆ ಅಂಕೆಗಳಾಗಿ ಮಾರ್ಪಡಿಸುವ ರಿಸೀವರುಗಳುಂಟು, ಶುದ್ಧಿವಾದಿಗಳು ಕೈಪಿಡಿಯನ್ನೊಮ್ಮೆ ಓದುವುದೊಳ್ಳೆಯದು.) ವಾದ್ಯವೃಂದದ ಮುಂದೆ ಮೂರೇ ಮೈಕ್ರೊಫೋನುಗಳನ್ನು ತೂಗುಹಾಕಿ, ಮೂರು ಟ್ರ್ಯಾಕುಗಳ ಟೇಪಿನ ಮೇಲೆ 1950ರ ದಶಕದ ಉತ್ತರಾರ್ಧದಲ್ಲಿ ಹಿಡಿದಿಟ್ಟ ಮರ್ಕ್ಯುರಿ ಲಿವಿಂಗ್ ಪ್ರೆಸೆನ್ಸ್ ಮಾಲೆಯ ಕೃತಿಗಳು, ಈ ಡಿಸ್ಕುಗಳ ದೆಸೆಯಿಂದ ಎಡ, ನಡು, ಬಲಗಳ ಮೂರು ಸ್ಪೀಕರುಗಳಲ್ಲಿ ಹೊಮ್ಮುವಾಗ, ಪಿಟೀಲಿನ ತಾರಸ್ವರಗಳಿಗೆ ಯಂತ್ರವೊಂದು ಕೈಹಚ್ಚುವುದು ಉದ್ಧಟತನವೆಂದೇ ನನಗೆ ತೋರುತ್ತದೆ.

ಮಂದ್ರದ ಮಾತು ಬೇರೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರಾದುದರಿಂದ, ಐದು ಮೀಟರ್ ಉದ್ದದ ಕೋಣೆಯಲ್ಲಿ 34 ಹರ್ಟ್ಸ್ ಆಸುಪಾಸಿನ ನಾದವು ಎದುರುಬದುರು ಗೋಡೆಗಳ ನಡುವೆ ಸ್ಥಾಯೀ ತರಂಗವಾಗಿ ನಿಂತುಬಿಡುತ್ತದೆ. ಗೋಡೆಗೊರಗಿ ಕುಳಿತವನಿಗೆ ಅದು ಗುಮ್ಮೆಂದು ಮೊರೆದರೆ, ನಟ್ಟನಡುವೆ ಕುಳಿತವನಿಗೆ ಬಹುಮಟ್ಟಿಗೆ ಮಾಯವಾಗಿರುತ್ತದೆ. ಸಾಧಾರಣ ಗೃಹಗಳಲ್ಲಿ ಇನ್ನೂರು ಮುನ್ನೂರು ಹರ್ಟ್ಸುಗಳ ಕೆಳಗೆ ಸ್ಪೀಕರಿಗಿಂತ ಕೋಣೆಯದೇ ಯಜಮಾನಿಕೆ. ಎಂತಹ ದುಬಾರಿ ತಂತಿಯೂ ತಗ್ಗಿಸಲಾರದ ಈ ಮೊರೆತವನ್ನು ಡಿಜಿಟಲ್ ಫಿಲ್ಟರೊಂದು ತಗ್ಗಿಸಬಲ್ಲುದು. ಆದರೆ ತಗ್ಗಿಸುವುದಕ್ಕಷ್ಟೇ ಅದನ್ನು ಬಳಸತಕ್ಕದ್ದು. ಮಾಯವಾದ ಸ್ವರವನ್ನು ಆರು ಡೆಸಿಬೆಲ್ ಏರಿಸಹೊರಟರೆ ಆಂಪ್ಲಿಫೈಯರು ನಾಲ್ಮಡಿ ಶಕ್ತಿಯನ್ನು ವ್ಯಯಿಸಿ ಬಳಲುವುದೇ ಹೊರತು ಸ್ವರ ಹಿಂತಿರುಗುವುದಿಲ್ಲ. ಕುರ್ಚಿಯನ್ನು ಎರಡಡಿ ಸರಿಸುವುದು ಮೇಲು.

ಆದಕಾರಣ ನಾನು ಮೆಚ್ಚುವ ಏರ್ಪಾಡು ಇದು: ಐದು ವಾಹಿನಿಗಳ ಮಂದ್ರಾಂಶವನ್ನು 80 ಹರ್ಟ್ಸಿನಲ್ಲಿ ಅನಲಾಗ್ ಕ್ರಾಸ್‌ಓವರಿನಿಂದಲೇ ಬೇರ್ಪಡಿಸಿ (ಅಮೆರಿಕದ ಔಟ್‌ಲಾ ಸಂಸ್ಥೆ ಇದಕ್ಕೆಂದೇ ಒಂದು ಪೆಟ್ಟಿಗೆಯನ್ನು ಮಾರುತ್ತಿತ್ತು), ಉಳಿದುದನ್ನು ಮುಟ್ಟದೆ ಸ್ಪೀಕರುಗಳಿಗೆ ಬಿಟ್ಟು, ಸಬ್‌ವೂಫರಿಗೆ ಹೋಗುವ ಒಂದೇ ತಂತಿಯ ನಡುವೆ ಡಿಜಿಟಲ್ ಫಿಲ್ಟರನ್ನು ನಿಲ್ಲಿಸುವುದು. ಇದರಲ್ಲೊಂದು ತೊಡಕುಂಟು. ಫಿಲ್ಟರಿನ ಗಣನೆಗೆ ಕೆಲವು ಮಿಲಿಸೆಕೆಂಡುಗಳು ಹಿಡಿಯುವುದರಿಂದ ಮಂದ್ರವು ಹಿಂದೆ ಬೀಳುತ್ತದೆ. ಅನಲಾಗ್ ಮಾರ್ಗದ ಸ್ಪೀಕರುಗಳನ್ನು ಕಾಯಿಸುವ ಉಪಾಯ ಸುಲಭದಲ್ಲಿಲ್ಲ. ಮೂರು ಮಿಲಿಸೆಕೆಂಡಿಗೆ ಸರಿಸುಮಾರು ಒಂದು ಮೀಟರಿನ ಲೆಕ್ಕದಲ್ಲಿ ಸಬ್‌ವೂಫರನ್ನೇ ಶ್ರೋತೃವಿನ ಬಳಿಗೆ ತಂದುಕೊಳ್ಳಬೇಕು, ಬೇಕಾದರೆ ಸೋಫಾದ ಮಗ್ಗುಲಿಗೇ. ಅಷ್ಟು ಸಮೀಪಕ್ಕೆ ತಂದಮೇಲೆ 80 ಹರ್ಟ್ಸಿನ ಗಡಿಯನ್ನು ಮೇಲೇರಿಸಲಾಗದು. ಏರಿಸಿದರೆ, ಗಾಯಕ ಎದುರಿಗೂ ಅವನ ಖರ್ಜ ಮೊಣಕೈಯ ಪಕ್ಕದಲ್ಲೂ ಇರುವಂತೆ ಕೇಳತೊಡಗುತ್ತದೆ.