ಒಬ್ಬಳೇ ಮಲಗುತ್ತಿದ್ದವಳು

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ನಾನು ಮೊದಲ ಸಲ ಓದಿದ್ದು ಗಟ್ಟಿಯಾಗಿ, ಕಣ್ಣಿಗೆ ಪೊರೆ ಬಂದಿದ್ದ ನನ್ನಜ್ಜಿಗಾಗಿ. ಆಕೆ ಹತ್ತಿ ಬಿಡಿಸಿ ಹೂಬತ್ತಿ ಹೊಸೆಯುತ್ತ ಕೇಳುತ್ತಿದ್ದಳು. ಒಂಬತ್ತಕ್ಕೆ ಮದುವೆ, ಹಾವು ಕಚ್ಚಿ ಹುಡುಗ ಸತ್ತದ್ದು, ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದು. ಅಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು. ಅಜ್ಜಿ ಮಾತ್ರ ಬತ್ತಿಯಿಂದ ಕಣ್ಣೆತ್ತದೆ, “ಒಂದು ಲೆಕ್ಕಕ್ಕೆ ಪುಣ್ಯವಂತೆ ಕಣೇ, ಒಬ್ಬಳೇ ಮಲಗ್ತಿದ್ಲಲ್ಲ” ಅಂದಳು.

ಹದಿಮೂರಕ್ಕೆ ಮದುವೆಯಾಗಿ, ಒಂಬತ್ತು ಹೆತ್ತು ಐದನ್ನು ಉಳಿಸಿಕೊಂಡು, ಗಂಡನ ಜೊತೆ 58 ವರ್ಷ ಬಾಳಿದವಳ ಮಾತು ಇದು. ನಾನು ಆಗ ನಕ್ಕುಬಿಟ್ಟೆ. ಕನ್ನಡ ಕಾದಂಬರಿಯ ಅಜ್ಜಿಯರನ್ನು ಮತ್ತೆ ಓದುವಾಗಲೆಲ್ಲ ಆ ಮಾತು ಅಡ್ಡ ಬಂದು ಕೂರುತ್ತದೆ. ನಮ್ಮ ದೊಡ್ಡ ಅಜ್ಜಿಯರಿಬ್ಬರು, ಶಿವರಾಮ ಕಾರಂತರ ಮೂಕಜ್ಜಿ (1968) ಮತ್ತು ಇಂದಿರಾ ಅವರ ಫಣಿಯಮ್ಮ (1976), ಇಬ್ಬರೂ ಬಾಲವಿಧವೆಯರು. ಇಬ್ಬರೂ ಒಬ್ಬರೇ ಮಲಗಿದವರು, ಹೆರದವರು. ನಂಬಿಕೆ, ದಾಂಪತ್ಯ, ಸಂಸಾರ ಎಂದರೇನೆಂದು ಕನ್ನಡದ ಓದುಗ ಕೇಳಿ ತಿಳಿದದ್ದು ಹೆಚ್ಚಾಗಿ ದಾಂಪತ್ಯವನ್ನೇ ಕಾಣದ ಈ ಇಬ್ಬರ ಬಾಯಿಂದ.

ವಿಧವೆ ನಮ್ಮ ಕಾದಂಬರಿಗೆ ಹೊಸಬಳಲ್ಲ. 1899ರ ‘ಇಂದಿರಾಬಾಯಿ’ಯಲ್ಲೇ ಗುಲ್ವಾಡಿ ವೆಂಕಟರಾಯರು ಆಕೆಗೆ ಓದು ಕೊಡಿಸಿ ಮರುಮದುವೆ ಮಾಡಿಸಿದ್ದರು. ಆದರೆ ಇಂದಿರಾಬಾಯಿ ತರುಣಿ, ಅವಳಿಗೊಂದು ದಾರಿ ತೆರೆಯಬಹುದಿತ್ತು. ಮುದುಕಿಯಾದ ವಿಧವೆಗೆ ಏನು ಕೊಡುವುದು? ಕಾರಂತರು ಜ್ಞಾನ ಕೊಟ್ಟರು, ಇಂದಿರಾ ಕೆಲಸ ಕೊಟ್ಟರು.

ಮೂಕಜ್ಜಿಯ ಜ್ಞಾನದ ಬಗ್ಗೆ ಬಹಳ ಬರೆದಾಗಿದೆ. 1977ರ ಜ್ಞಾನಪೀಠದ ನಂತರ ಅದು ಪಾಠಪುಸ್ತಕದ ಮಾತಾಗಿಹೋಯಿತು. ಮೂಡೂರಿನ ಆ ಮುದುಕಿಯ ಕೈಗೆ ಮೊಮ್ಮಗ ಸುಬ್ಬರಾಯ ಯಾವುದೋ ಹಳೆಯ ವಸ್ತುವನ್ನು ಕೊಡುತ್ತಾನೆ, ಅವಳು ಮುಟ್ಟಿ ಅದರ ಹಿಂದಿನ ಕಾಲವನ್ನು ಕಾಣುತ್ತಾಳೆ. ಮನುಷ್ಯ ಬದಲಾದಂತೆ ಅವನ ದೇವರೂ ಬದಲಾದ ಎನ್ನುತ್ತಾಳೆ, ಕಾಮ ಪಾಪವಲ್ಲ ಎನ್ನುತ್ತಾಳೆ, ಊರು ದೂರವಿಟ್ಟ ನಾಗಿಯನ್ನು ಹತ್ತಿರ ಕರೆಯುತ್ತಾಳೆ. ಕಾರಂತರು ಆಕೆಯನ್ನು ಕನಿಕರದ ವಸ್ತು ಮಾಡಲಿಲ್ಲ, ಅದು ದೊಡ್ಡ ಸಂಗತಿ. ಆದರೂ ಪುಟ ತಿರುವಿದಂತೆ ನನಗೆ ಅನಿಸುವುದು, ಅಜ್ಜಿ ಇಲ್ಲಿ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದಾಳೆ, ಪ್ರಶ್ನೆ ಬಂದಾಗ ಉತ್ತರ ಹೇಳುತ್ತಾಳೆ. ಹಲವು ಕಡೆ ಆ ಉತ್ತರದಲ್ಲಿ ಕಾರಂತರ ದನಿ ಅಜ್ಜಿಯ ದನಿಗಿಂತ ಜೋರು. ಮೂಕಜ್ಜಿ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಳು, ಮೊಣಕಾಲು ನೋಯುತ್ತಿತ್ತೇ, ಮನೆಯ ಸೊಸೆಗೂ ಅವಳಿಗೂ ಒಲೆಯ ಮುಂದೆ ಎಂದಾದರೂ ಮಾತು ಹತ್ತಿತ್ತೇ ಎಂದು ಕೇಳಿದರೆ, ಸಾವಿರಾರು ವರ್ಷ ಹಿಂದಕ್ಕೆ ಹೋಗಿಬಂದ ಕಾದಂಬರಿಗೆ ಹಿತ್ತಲವರೆಗೆ ಹೋಗಲು ಪುರಸತ್ತಾಗಿಲ್ಲ.

ಫಣಿಯಮ್ಮ ಇದಕ್ಕೆ ತದ್ವಿರುದ್ಧ. ಆಕೆಯ ಬಳಿ ಸಿದ್ಧಾಂತವಿಲ್ಲ, ಕೈಯಿದೆ. ಇಂದಿರಾ ಅವರ ಮನೆತನದಲ್ಲೇ ನಿಜವಾಗಿ ಬಾಳಿ 112ನೇ ವಯಸ್ಸಿನಲ್ಲಿ ತೀರಿಕೊಂಡವಳು ಅವಳು. ಕಾದಂಬರಿಗೆ ಉಪ್ಪು ಬಂದದ್ದು ಅಲ್ಲಿಂದ. ತೀರ್ಥಹಳ್ಳಿ ಸೀಮೆಯ ದೊಡ್ಡ ಮನೆ, ಸಾಲು ಬಾಣಂತನ, ಸಾಲು ತಿಥಿ, ದಿನಕ್ಕೊಂದೇ ಊಟ, ಕರೆದವರ ಮನೆಗೆಲ್ಲ ಹೋಗಿ ದುಡಿದು ಬರುವುದು. ಹೀಗೆ ನೂರು ವರ್ಷ. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯುವ ಕಾನೂನು ತಂದಾಗ ಅದು ತಡೆದದ್ದು ಎಂಟು ತುಂಬದ ಹುಡುಗಿಯರ ಮದುವೆಯನ್ನು. ಫಣಿಯಮ್ಮನ ಮದುವೆ ಆ ಕಾನೂನು ಬಂದ ಮೇಲೆ ನಡೆದಿದ್ದರೂ ಯಾರೂ ತಡೆಯುತ್ತಿರಲಿಲ್ಲ. ಆಗ ಅವಳಿಗೆ ಒಂಬತ್ತು.

ಆಕೆಯ ನಂಬಿಕೆ ಎಂಥದ್ದು ಎನ್ನುವುದಕ್ಕೆ ಒಂದು ಪ್ರಸಂಗ ಸಾಕು. ಮಡಿಯಲ್ಲೇ ಜೀವ ಸವೆಸಿದ ಈ ಹೆಂಗಸು ಅಸ್ಪೃಶ್ಯರ ಮನೆಯ ಹುಡುಗಿಗೆ ಹೆರಿಗೆ ಕಷ್ಟವಾದಾಗ ಹೋಗಿ, ತನ್ನ ಸಣ್ಣ ಕೈಯಿಂದಲೇ ಮಗುವನ್ನು ಈಚೆ ತೆಗೆಯುತ್ತಾಳೆ. ಮಡಿಯನ್ನು ಆಕೆ ಧಿಕ್ಕರಿಸುವುದಿಲ್ಲ, ವಾದ ಹೂಡುವುದಿಲ್ಲ. ಬದಿಗಿಟ್ಟು ಹೋಗಿ, ತಿರುಗಿ ಬಂದು ಅದನ್ನೇ ಎತ್ತಿಕೊಳ್ಳುತ್ತಾಳೆ. ಸುಧಾರಕರ ಕಣ್ಣಿಗೆ ಇದು ಅರೆಬರೆ ಅನ್ನಿಸೀತು. ನಾನು ಕಂಡ ಹಳಬರ ನಂಬಿಕೆ ಹೀಗೇ ಇತ್ತು, ಅದಕ್ಕೇ ಈ ಪುಟಗಳ ಮೇಲೆ ನನಗೆ ವಿಶ್ವಾಸ.

ಹಾಗೆಂದು ಇಂದಿರಾ ಅವರನ್ನು ಸುಮ್ಮನೆ ಬಿಡಲಾಗದು. ಅವರ ಬರವಣಿಗೆ ಜಗಲಿಯ ಹರಟೆಯಂತೆ, ಹೇಳಿದ್ದನ್ನೇ ಹೇಳುತ್ತದೆ. ಫಣಿಯಮ್ಮನನ್ನು ಹೊಗಳದೆ ಎರಡು ಪುಟ ದಾಟಲು ಅವರಿಗೆ ಆಗುವುದಿಲ್ಲ. ಅದಕ್ಕಿಂತ ದೊಡ್ಡ ತಕರಾರು ಬೇರೆ. ಹರೆಯದಲ್ಲಿ ಆಕೆ ಅಕಸ್ಮಾತ್ತಾಗಿ ಒಂದು ಕಳ್ಳ ಕೂಟವನ್ನು ಕಾಣುತ್ತಾಳೆ, ಅಲ್ಲಿಗೆ ಗಂಡುಹೆಣ್ಣಿನ ಸಂಬಂಧದ ಮೇಲೇ ಹೇಸಿಗೆ ಹುಟ್ಟಿಬಿಡುತ್ತದೆ. ಲೇಖಕಿಗೆ ಇದು ಬಹಳ ಅನುಕೂಲ. ಆಸೆಯೇ ಇಲ್ಲವೆಂದ ಮೇಲೆ ಕಳೆದುಕೊಂಡದ್ದರ ಲೆಕ್ಕ ಯಾರೂ ಕೇಳುವುದಿಲ್ಲ, ಓದುಗ ನಿರಾಳವಾಗಿ ಕೈ ಮುಗಿಯುತ್ತಾನೆ. ತಲೆಗೂದಲು ಕೊಡೆನೆಂದು ಹಟ ಹಿಡಿದು, ಮೈದುನನಿಂದ ಬಸಿರಾಗುವ ದಾಕ್ಷಾಯಿಣಿ ಬಂದಾಗ ಮಾತ್ರ ಕಾದಂಬರಿಗೆ ಬಿಸಿ ತಗಲುತ್ತದೆ. ಅವಳ ಪರ ನಿಲ್ಲುವ ಫಣಿಯಮ್ಮ ಅಲ್ಲಿ ದೇವತೆಯ ಪಟದಿಂದ ಇಳಿದು ಮನುಷ್ಯಳಾಗುತ್ತಾಳೆ. ಅಷ್ಟರಲ್ಲಿ ಆ ಭಾಗ ಮುಗಿದುಹೋಗುತ್ತದೆ. ಪ್ರೇಮಾ ಕಾರಂತರು 1983ರಲ್ಲಿ ಎಲ್.ವಿ. ಶಾರದಾ ಅವರನ್ನಿಟ್ಟುಕೊಂಡು ಸಿನಿಮಾ ಮಾಡಿದಾಗ ಈ ಹೊಗಳಿಕೆಯ ಭಾರ ಇಳಿಯಿತು. ಕ್ಯಾಮೆರಾಗೆ ವಿಶೇಷಣಗಳು ಬೇಕಿಲ್ಲವಲ್ಲ.

ಇನ್ನು ನನ್ನಜ್ಜಿಯ ಮಾತು. ಗಂಡನೊಡನೆ ಹಣ್ಣಾದ ಮುತ್ತೈದೆ ಅಜ್ಜಿಗೆ ನಮ್ಮಲ್ಲಿ ಇರುವುದು ಕಾದಂಬರಿಯಲ್ಲ, ವ್ರತಕಥೆ. ಭೀಮನ ಅಮಾವಾಸ್ಯೆ, ಮಂಗಳಗೌರಿ, ಸ್ವರ್ಣಗೌರಿ ಎಂದು ಆಕೆಯ ಪಂಚಾಂಗವೆಲ್ಲ ಗಂಡನ ಆಯುಸ್ಸಿನ ಸುತ್ತ ತಿರುಗುತ್ತದೆ. ಭೀಮನ ಅಮಾವಾಸ್ಯೆಯ ಕಥೆಯನ್ನೇ ನೋಡಿ. ಸತ್ತ ರಾಜಕುಮಾರನಿಗೆ ಬಡವರ ಹುಡುಗಿಯನ್ನು ಕಟ್ಟುತ್ತಾರೆ. ಹೆಣದ ಪಕ್ಕ ಕೂತು ಆಕೆ ಮಣ್ಣಿನ ದೀಪಸ್ತಂಭ ಮಾಡಿ ಪೂಜಿಸುತ್ತಾಳೆ, ಶಿವ ಪಾರ್ವತಿಯರು ಬಂದು ಗಂಡನನ್ನು ಎಬ್ಬಿಸುತ್ತಾರೆ. ಫಣಿಯಮ್ಮ ಇದೇ ಕಥೆಯ ಮಗ್ಗುಲು ಬದಲಿಸಿದ ರೂಪ, ಅಲ್ಲಿ ಯಾರೂ ಬಂದು ಎಬ್ಬಿಸುವುದಿಲ್ಲ. ಆದರೆ ಎದ್ದ ಗಂಡನ ಜೊತೆ ಆ ಹುಡುಗಿ ಮುಂದಿನ 50 ವರ್ಷ ಹೇಗೆ ಬಾಳಿದಳು ಎನ್ನುವುದನ್ನು ವ್ರತಕಥೆಯೂ ಹೇಳಲಿಲ್ಲ, ಕಾದಂಬರಿಯೂ ಹೇಳಲಿಲ್ಲ.

ಹತ್ತಿರ ಬಂದವರಿದ್ದಾರೆ. ಕಾರಂತರದೇ ‘ಮರಳಿ ಮಣ್ಣಿಗೆ’ಯ ಪಾರೋತಿಗೆ ಗಂಡನೂ ಇದ್ದಾನೆ, ಸವತಿಯೂ ಬರುತ್ತಾಳೆ. ಆಕೆಯ ದುಡಿತವನ್ನು ಕಾರಂತರು ಬರೆದಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ನನ್ನ ಪ್ರಕಾರ ಮೂಕಜ್ಜಿಗಿಂತ ಪಾರೋತಿಯೇ ಗಟ್ಟಿ ಸೃಷ್ಟಿ. ಮನಸ್ಸು ಬಿಚ್ಚಿ ಮಾತಾಡಲು ಮಾತ್ರ ಆಕೆಗೆ ಜಾಗ ಸಿಗಲಿಲ್ಲ. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ ಕೆಲಸಕ್ಕೆ ಬಾರದ ಗಂಡನನ್ನು ಕಟ್ಟಿಕೊಂಡು ಏಗಿದವಳು, ಅಜ್ಜಿಯಾಗುವ ಮೊದಲೇ ಪ್ಲೇಗಿಗೆ ಬಲಿಯಾದಳು. ಬದುಕಿದ್ದರೆ ಮೊಮ್ಮಕ್ಕಳಿಗೆ ಏನು ಹೇಳುತ್ತಿದ್ದಳೋ.

ಸಂಸಾರದಿಂದ ಹೊರಗುಳಿದವಳಲ್ಲಿ ಮಾತ್ರ ವಿವೇಕವಿರುತ್ತದೆ ಎಂಬ ಒಂದು ನಂಬಿಕೆ ನಮ್ಮ ಬರಹಗಾರರಲ್ಲಿ ಗುಟ್ಟಾಗಿ ಕೂತಿದೆ ಎಂದು ನನ್ನ ಗುಮಾನಿ. ಅದು ಸನ್ಯಾಸಿಗೆ ತೋರಿಸುವ ಗೌರವದ ಇನ್ನೊಂದು ಮುಖ. ಸನ್ಯಾಸವನ್ನು ಟೀಕಿಸುವ ಮೂಕಜ್ಜಿಯನ್ನೂ ಅವರು ಒಂದು ಬಗೆಯ ಸನ್ಯಾಸಿನಿಯಾಗಿಯೇ ಕೂರಿಸಿದರು.

ಎರಡರಲ್ಲಿ ಒಂದನ್ನೇ ಮತ್ತೆ ಓದಬೇಕೆಂದರೆ ನಾನು ‘ಫಣಿಯಮ್ಮ’ವನ್ನೇ ಎತ್ತಿಕೊಳ್ಳುತ್ತೇನೆ, ಬರವಣಿಗೆಯ ದೋಷಗಳ ಸಮೇತ. ಅಜ್ಜಿಗೆ ಓದಿದ ಪ್ರತಿ ಈಗಲೂ ನನ್ನ ಬಳಿ ಇದೆ. ಕೊನೆಯ ಪುಟದವರೆಗೆ ನಾವು ಹೋಗಲೇ ಇಲ್ಲ. ದಾಕ್ಷಾಯಿಣಿಯ ಭಾಗವನ್ನು ಅಜ್ಜಿ ಮೂರು ಸಲ ಓದಿಸಿಕೊಂಡಳು.