ಗೆಳೆತನದವರೆಗೆ ಮಾತ್ರ: ಗಂಡಸರಿಬ್ಬರ ಪ್ರೀತಿ ಮತ್ತು ಕನ್ನಡ ಕಥನ

ಗಂಡಸರಿಬ್ಬರ ನಡುವಿನ ಪ್ರೀತಿಯ ವಿಷಯದಲ್ಲಿ ಕನ್ನಡದ ಕಥನ ಪರಂಪರೆ ಬಾಯಿ ಬಿಟ್ಟೇ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆಯಾದರೂ ಅದು ಪೂರ್ತಿ ಸರಿಯಲ್ಲ. ಯಕ್ಷಗಾನದ ರಂಗಸ್ಥಳದಿಂದ ಹಿಡಿದು ಗಾಂಧಿನಗರದ ಸಿನಿಮಾದವರೆಗೆ, ಗಂಡು ಇನ್ನೊಬ್ಬ ಗಂಡನ್ನು ಹಚ್ಚಿಕೊಳ್ಳುವ, ಅವನಿಗಾಗಿ ಹಂಬಲಿಸುವ, ಬೇಕಾದರೆ ಅವನಿಗಾಗಿ ಜೀವವನ್ನೇ ಒತ್ತೆಯಿಡುವ ಪ್ರಸಂಗಗಳಿಗೆ ಇಲ್ಲಿ ಬರವಿಲ್ಲ. ಬರ ಇರುವುದು, ಆ ಇಬ್ಬರೂ ಒಂದೇ ಸೂರಿನ ಕೆಳಗೆ ಸಂಸಾರ ಹೂಡಿ, ಬಾಡಿಗೆ ಕಟ್ಟಿ, ಜಗಳವಾಡಿ, ಮರುದಿನ ಬೆಳಿಗ್ಗೆ ಮತ್ತೆ ಒಟ್ಟಿಗೆ ಕಾಫಿ ಕುಡಿಯುವ ಕಥೆಗೆ. ಕನ್ನಡ ಈ ಪ್ರೀತಿಯನ್ನು ವೇಷದ ಪ್ರಶ್ನೆಯಾಗಿ ಕಂಡಿದೆ, ಗೆಳೆತನದ ಪ್ರಶ್ನೆಯಾಗಿ ಕಂಡಿದೆ. ಮನೆಯ ಪ್ರಶ್ನೆಯಾಗಿ ಕಂಡದ್ದು ತೀರ ಈಚೆಗೆ, ಅದೂ ಸಿನಿಮಾದಲ್ಲಲ್ಲ, ಸಣ್ಣಕಥೆಯಲ್ಲಿ.

ವೇಷದ ದಾರಿ ಹಳೆಯದು ಮತ್ತು ಗೌರವದ್ದು. ಯಕ್ಷಗಾನದಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಕಟ್ಟುವ ಸ್ತ್ರೀವೇಷದ ಪದ್ಧತಿಯನ್ನು ತೆಂಕುತಿಟ್ಟಿನಲ್ಲಿ ಕೋಳ್ಯೂರು ರಾಮಚಂದ್ರ ರಾವ್, ಬಡಗಿನಲ್ಲಿ ಮಂಟಪ ಪ್ರಭಾಕರ ಉಪಾಧ್ಯರಂಥ ಕಲಾವಿದರು ಎಷ್ಟು ಎತ್ತರಕ್ಕೆ ಒಯ್ದರೆಂದರೆ, ಪ್ರೇಕ್ಷಕರಿಗೆ ಅಲ್ಲಿ ಕಾಣುವುದು ಗಂಡಸಿನ ಅಣಕವಲ್ಲ, ಹೆಣ್ಣಿನ ಭಾವವೇ. ಭಸ್ಮಾಸುರ ಮೋಹಿನಿ ಪ್ರಸಂಗದಲ್ಲಿ ವಿಷ್ಣುವೇ ಮೋಹಿನಿಯಾಗಿ ಬಂದು ಅಸುರನನ್ನು ಕುಣಿಸುವಾಗ, ಕಥೆಯ ಒಳಗೂ ಹೊರಗೂ ಗಂಡೇ ಗಂಡನ್ನು ಮರುಳುಮಾಡುತ್ತಿರುತ್ತದೆ, ಮತ್ತು ಇಡೀ ಊರು ನಿದ್ದೆಗೆಟ್ಟು ಅದನ್ನು ನೋಡಿ ಖುಷಿಪಡುತ್ತದೆ. ಆದರೆ ಈ ಅನುಮತಿಗೆ ಒಂದು ಷರತ್ತಿದೆ: ಬೆಳಗಾದೊಡನೆ ಬಣ್ಣ ಒರೆಸಬೇಕು. ಇದೇ ಷರತ್ತಿನ ಕ್ರೌರ್ಯವನ್ನು ಚೀನಾದ ನಿರ್ದೇಶಕ ಚೆನ್ ಕೈಗೆ ಅವರ 'ಫೇರ್‌ವೆಲ್ ಮೈ ಕಾಂಕ್ಯುಬೈನ್' (1993) ತೆರೆಗೆ ತಂದಿತು. ಬೀಜಿಂಗಿನ ಸಾಂಪ್ರದಾಯಿಕ ಸಂಗೀತ ನಾಟಕದಲ್ಲಿ ಸ್ತ್ರೀಪಾತ್ರಕ್ಕೆಂದೇ ಬಾಲ್ಯದಿಂದ ಹೊಡೆದು ಬಡಿದು ತಯಾರಾದ ನಟನೊಬ್ಬ, ರಾಜನ ಪಾತ್ರಧಾರಿಯಾದ ತನ್ನ ಒಡನಾಡಿಯನ್ನು ರಂಗದ ಆಚೆಗೂ ಪ್ರೀತಿಸುತ್ತಾನೆ. ಒಡನಾಡಿಗೆ ಮಾತ್ರ ನಾಟಕ ಬೇರೆ, ಬದುಕು ಬೇರೆ. ಕಾನ್ ಉತ್ಸವದ ಅತ್ಯುಚ್ಚ ಪ್ರಶಸ್ತಿಯನ್ನು ಹಂಚಿಕೊಂಡ ಈ ಚಿತ್ರ ಮಹತ್ವದ್ದೇ ಆದರೂ, ಪ್ರೀತಿಗೆ ಅದು ಕೊಟ್ಟ ಜಾಗ ರಂಗಸ್ಥಳವೊಂದೇ, ಕೊಟ್ಟ ಕೊನೆ ಸಾವೇ.

ಕನ್ನಡದಲ್ಲಿ ವೇಷದ ದಾರಿ ಇನ್ನೊಂದು ಗೊಂದಲಕ್ಕೂ ಕಾರಣವಾಗಿದೆ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ ಅವಳು' ಚಿತ್ರದಲ್ಲಿನ ಅಭಿನಯಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ, ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ ಕನ್ನಡ ಸಿನಿಮಾ ಮಾತಾಡಿತು ಎಂದು ಎಲ್ಲರೂ ಮೆಚ್ಚಿದರು, ಮೆಚ್ಚಬೇಕಾದದ್ದೇ. ಆದರೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಆ ಚಿತ್ರದ ವಿಷಯ ಲಿಂಗತ್ವ, ಅಂದರೆ ತಾನು ಹೆಣ್ಣು ಎಂದು ಒಳಗಿನಿಂದ ಅರಿತವರೊಬ್ಬರ ಹೋರಾಟ. ತಾನು ಗಂಡಸೇ ಎಂಬುದರಲ್ಲಿ ಯಾವ ಅನುಮಾನವೂ ಇಲ್ಲದೆ ಇನ್ನೊಬ್ಬ ಗಂಡಸನ್ನು ಬಯಸುವವನ ಕಥೆ ಅದಲ್ಲ. ಸವದತ್ತಿ ಯಲ್ಲಮ್ಮನ ಜೋಗತಿಯರ ಪರಂಪರೆಯನ್ನು ಕನ್ನಡ ಸಮಾಜ ತನ್ನದೇ ರೀತಿಯಲ್ಲಿ ಗುರುತಿಸುತ್ತ ಬಂದಿದೆ, ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀಗೂ ಪಾತ್ರರಾದರು. ಹೀಗೆ ಸೀರೆಯುಟ್ಟವರಿಗೆ ಒಂದು ಹೆಸರು, ಒಂದು ದೇವತೆ, ಒಂದು ಕಥೆ ಇದ್ದಲ್ಲಿ, ಪ್ಯಾಂಟು ಶರಟು ತೊಟ್ಟು ಆಫೀಸಿಗೆ ಹೋಗುವ ಸಮಲಿಂಗ ಪ್ರೇಮಿಗೆ ಪುರಾಣದಲ್ಲೂ ಸಿನಿಮಾದಲ್ಲೂ ಕೂರಲು ಮಣೆಯಿರಲಿಲ್ಲ.

ಅವನಿಗೆ ಇದ್ದದ್ದು ಗೆಳೆಯನ ಪಾತ್ರ. ಗಂಡಸರ ಗೆಳೆತನವನ್ನು ಕನ್ನಡ ಸಿನಿಮಾದಷ್ಟು ಧಾರಾಳವಾಗಿ, ಸಂಕೋಚವಿಲ್ಲದೆ ಹಾಡಿ ಕೊಂಡಾಡಿದ ಮಾಧ್ಯಮ ಕರ್ನಾಟಕದಲ್ಲಿ ಮತ್ತೊಂದಿಲ್ಲ. ವಿಷ್ಣುವರ್ಧನ್ ಮತ್ತು ಅಂಬರೀಶ್ ಅಭಿನಯಿಸಿದ, ತಮಿಳಿನ 'ನಟ್ಪುಕ್ಕಾಗ' ಚಿತ್ರದ ರೀಮೇಕ್ ಆದ 'ದಿಗ್ಗಜರು' (2001) ಒಡೆಯ ಮತ್ತು ಆಳಿನ ಸ್ನೇಹವನ್ನು ಗಂಡಹೆಂಡಿರ ಬಾಂಧವ್ಯಕ್ಕಿಂತ ಮೇಲೆ ನಿಲ್ಲಿಸಿತು, ಮತ್ತು ಆ ಇಬ್ಬರು ನಟರ ನಿಜಜೀವನದ ಸ್ನೇಹವೂ ಅದಕ್ಕೆ ಬೆರೆತು 'ಕುಚಿಕು' ಎಂಬ ಪದ ಮನೆಮಾತಾಯಿತು. ಎರಡು ದಶಕಗಳ ಬಳಿಕ ರಾಜ್ ಬಿ. ಶೆಟ್ಟಿ ನಿರ್ದೇಶಿಸಿದ 'ಗರುಡ ಗಮನ ವೃಷಭ ವಾಹನ' (2021) ಈ ವ್ಯಾಕರಣವನ್ನು ಅದರ ತುದಿಯವರೆಗೆ ಎಳೆಯಿತು. ಮಂಗಳೂರಿನ ಮಂಗಳಾದೇವಿಯ ಓಣಿಗಳಲ್ಲಿ ಬೆಳೆದ ಹರಿ ಮತ್ತು ಶಿವರಲ್ಲಿ, ಹರಿಗಾದ ಅವಮಾನಕ್ಕೆ ಶಿವ ಕೊಲೆಯ ಉತ್ತರ ಕೊಡುತ್ತಾನೆ. ಚಿತ್ರದಲ್ಲಿ ಹೆಣ್ಣುಗಳು ಇಲ್ಲವೆನ್ನುವಷ್ಟು ಕಡಿಮೆ. ಶಿವನ ಒಳಲೋಕದಲ್ಲಿ ಹರಿಯ ಹೊರತು ಇನ್ಯಾರಿಗೂ ಜಾಗವಿಲ್ಲ. ಹೆಸರುಗಳೇ ಹರಿಹರರನ್ನು ನೆನಪಿಸುವ ಈ ಜೋಡಿಯನ್ನು ನೋಡುಗರು ಹೇಗೆ ಓದಿಕೊಳ್ಳಬೇಕೆಂಬುದನ್ನು ಚಿತ್ರ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ವಿಮರ್ಶೆ ಗಮನಿಸಬೇಕಾದದ್ದು, ಅಲ್ಲಿ ಪ್ರೀತಿಗೆ ಸಿಕ್ಕ ಭಾಷೆ ರಕ್ತದ್ದು ಎಂಬುದನ್ನು. ಗಂಡಸು ಗಂಡಸಿಗಾಗಿ ಮಚ್ಚು ಹಿಡಿಯಬಹುದು, ಜೈಲಿಗೆ ಹೋಗಬಹುದು. ಅವನ ತಲೆಗೂದಲನ್ನು ಸುಮ್ಮನೆ ಸವರುವಂತಿಲ್ಲ.

ಹೀಗಲ್ಲದ ದಾರಿ ಹೇಗಿರುತ್ತದೆ ಎಂಬುದಕ್ಕೆ ಮತ್ತೆ ಚೀನಾದ ಕಡೆಗೇ ನೋಡಬೇಕಾಗುತ್ತದೆ. ಹಾಂಕಾಂಗಿನ ನಿರ್ದೇಶಕ ಸ್ಟಾನ್ಲಿ ಕ್ವಾನ್ ಬೀಜಿಂಗಿನಲ್ಲಿ ಸರ್ಕಾರದ ಅನುಮತಿಯಿಲ್ಲದೆ ಚಿತ್ರೀಕರಿಸಿದ 'ಲಾನ್ ಯು' (2001), 1998ರಲ್ಲಿ ಅಂತರ್ಜಾಲದಲ್ಲಿ ಗುಪ್ತನಾಮದಿಂದ ಪ್ರಕಟವಾಗಿದ್ದ ಕಾದಂಬರಿಯನ್ನು ಆಧರಿಸಿದೆ. ಎಂಬತ್ತರ ದಶಕದ ಕೊನೆಯಲ್ಲಿ ಹಣವಂತ ವ್ಯಾಪಾರಿ ಹಾನ್‌ಡಾಂಗ್, ವಾಸ್ತುಶಿಲ್ಪ ಓದಲು ಹಳ್ಳಿಗಾಡಿನಿಂದ ಬಂದ ಬಡ ವಿದ್ಯಾರ್ಥಿ ಲಾನ್ ಯುವನ್ನು ಒಂದು ರಾತ್ರಿಯ ಸುಖಕ್ಕೆಂದು ಕರೆತರುತ್ತಾನೆ. ವ್ಯವಹಾರವಾಗಿ ಶುರುವಾದದ್ದು ಪ್ರೀತಿಯಾಗುತ್ತದೆ, 1989ರ ತಿಯಾನನ್ಮೆನ್ ಚೌಕದ ರಾತ್ರಿ ಆ ಪ್ರೀತಿಯನ್ನು ಗಟ್ಟಿಮಾಡುತ್ತದೆ. ಆ ದೊಡ್ಡ ಇತಿಹಾಸಕ್ಕಿಂತ ಮನಸ್ಸಿನಲ್ಲಿ ಉಳಿಯುವುದು ಒಂದು ಮನೆ. ಹಾನ್‌ಡಾಂಗ್ ನಗರದ ಹೊರವಲಯದಲ್ಲಿ ಲಾನ್ ಯುಗೆ ಮನೆ ಕೊಡಿಸುತ್ತಾನೆ, ಕೊಡಿಸಿ ತಾನೊಬ್ಬ ಹೆಣ್ಣನ್ನು ಮದುವೆಯಾಗಿ ಹೊರಟುಹೋಗುತ್ತಾನೆ. ಮದುವೆ ಮುರಿಯುತ್ತದೆ, ವ್ಯಾಪಾರದ ಅಕ್ರಮಗಳಿಗಾಗಿ ಅವನು ಸೆರೆಗೆ ಬೀಳುತ್ತಾನೆ. ಆಗ ಲಾನ್ ಯು ಆ ಮನೆಯನ್ನೇ ಮಾರಿ ಅವನನ್ನು ಬಿಡಿಸಿ ತರುತ್ತಾನೆ. ತನ್ನನ್ನು ಕೊಂಡ ಹಣ ಎಂದು ಯಾವುದನ್ನು ನೋಡಬಹುದಿತ್ತೋ ಅದನ್ನು ಲಾನ್ ಯು ಸಂಸಾರದ ಆಪದ್ಧನವಾಗಿ ಬದಲಾಯಿಸಿಬಿಡುತ್ತಾನೆ, ಮತ್ತು ಚಿತ್ರ ಇದನ್ನು ಒಂದೇ ಒಂದು ಭಾಷಣವಿಲ್ಲದೆ, ಊಟದ ಮೇಜಿನ ಸುತ್ತ ಕೂತ ನೆಂಟರಿಷ್ಟರ ಮಾತುಕತೆಯಲ್ಲಿ ದಾಟಿಸುತ್ತದೆ. ಕೊನೆಗೆ ಕಟ್ಟಡ ಕೆಲಸದ ಜಾಗದಲ್ಲಿ ನಡೆದ ಅಪಘಾತದಲ್ಲಿ ಲಾನ್ ಯು ಸಾಯುತ್ತಾನೆ. ಸಾವಿನ ಈ ಮುಕ್ತಾಯ ಕ್ವಾನ್ ಅವರ ದೌರ್ಬಲ್ಯವೇ ಸರಿ, ಆದರೆ ಅಷ್ಟರಲ್ಲಿ ಒಂದು ಸಂಸಾರ ನಡೆದುಹೋಗಿರುತ್ತದೆ, ಅದನ್ನು ಯಾವ ಅಪಘಾತವೂ ಅಳಿಸಲಾರದು. ವಾಂಗ್ ಕಾರ್-ವೈ ಅವರ 'ಹ್ಯಾಪಿ ಟುಗೆದರ್' (1997) ಚಿತ್ರದಲ್ಲಿ ಬ್ಯೂನಸ್ ಐರಿಸ್‌ನ ಬಾಡಿಗೆ ಕೋಣೆಯೊಂದರಲ್ಲಿ ಜ್ವರದಿಂದ ನಡುಗುತ್ತಿರುವವನೇ ಎದ್ದು ಕೂತು ತನ್ನ ಪ್ರಿಯಕರನಿಗೆ ಅನ್ನ ಹುರಿದು ಕೊಡುವ ದೃಶ್ಯವೂ ಇದೇ ಜಾತಿಗೆ ಸೇರಿದ್ದು.

ಕನ್ನಡದಲ್ಲಿ ಈ ಮನೆಯನ್ನು ಕಟ್ಟಿದವರು ವಸುಧೇಂದ್ರ. ಸಂಡೂರಿನವರಾದ, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದಲ್ಲಿ ದುಡಿದ ಅವರು, ಮೋಹನಸ್ವಾಮಿ ಎಂಬ ಪಾತ್ರದ ಮೊದಲ ಕಥೆಯನ್ನು 'ದೇಶ ಕಾಲ' ಪತ್ರಿಕೆಯಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ್ದರು. ತಮ್ಮ ಹೆಸರಿನಲ್ಲೇ 'ಮೋಹನಸ್ವಾಮಿ' ಸಂಕಲನವನ್ನು ತಮ್ಮದೇ ಛಂದ ಪುಸ್ತಕದಿಂದ ಹೊರತಂದದ್ದು 2013ರಲ್ಲಿ. ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿ, ಭಾರತೀಯ ದಂಡಸಂಹಿತೆಯ 377ನೇ ಕಲಮನ್ನು ಮತ್ತೆ ಜೀವಂತಗೊಳಿಸಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಆದರೆ ಮೋಹನಸ್ವಾಮಿಯ ವೈರಿ ಆ ಕಲಮಲ್ಲ. ಜೊತೆಯಲ್ಲಿ ಬದುಕಿದ, ಮನಸಾರೆ ಉಪಚರಿಸಿದ ಕಾರ್ತಿಕ್ ಒಂದು ದಿನ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಅದನ್ನು ತಡೆಯುವ ಹಕ್ಕಾಗಲಿ, ಅದಕ್ಕಾಗಿ ನಾಲ್ಕು ಜನರ ಮುಂದೆ ಅಳುವ ಹಕ್ಕಾಗಲಿ ಮೋಹನಸ್ವಾಮಿಗಿಲ್ಲ. ಎಂಥ ಕಗ್ಗಂಟನ್ನೂ ಬೆರಳ ತುದಿಯಲ್ಲಿ ಬಿಡಿಸಬಲ್ಲ ಈ ಮನುಷ್ಯ ಬಿಡಿಸಲಾರದ ಗಂಟು ಇದೊಂದೇ. ವಸುಧೇಂದ್ರರ ಶೈಲಿಯಲ್ಲಿ ಕೆಲವೆಡೆ ಭಾವುಕತೆ ಅತಿಯಾಗುತ್ತದೆ, ಮರುಕ ಹುಟ್ಟಿಸುವ ಆತುರ ಕಾಣುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೂ ಅಡುಗೆಮನೆ, ಹಬ್ಬ, ತಾಯಿಯ ಕಾಳಜಿ, ದೇವರ ಮೇಲಿನ ಮುನಿಸು, ಊರಿನವರ ಚುಚ್ಚುಮಾತು ಇವುಗಳ ನಡುವೆಯೇ ಈ ಪ್ರೀತಿಯನ್ನು ಇಟ್ಟು ನೋಡಿದ್ದು, ಕೊನೆಗೆ ಮೋಹನಸ್ವಾಮಿಯನ್ನು ಸಾಯಿಸದೆ ಕಿಲಿಮಂಜಾರೊ ಪರ್ವತ ಹತ್ತಿಸಿದ್ದು ಕನ್ನಡಕ್ಕೆ ಹೊಸದು.

ಬೆಂಗಳೂರಿನವರೇ ಆದ ಇಂಗ್ಲಿಷ್ ನಾಟಕಕಾರ ಮಹೇಶ್ ದತ್ತಾನಿ ಈ ವಸ್ತುವನ್ನು ಇದಕ್ಕೂ ಮುಂಚೆ ಕೈಗೆತ್ತಿಕೊಂಡಿದ್ದರು. ಅವರ ರೇಡಿಯೊ ನಾಟಕ 'ಡು ದಿ ನೀಡ್‌ಫುಲ್' (1997) ಗುಜರಾತಿ ಪಟೇಲರ ಮಗನಿಗೂ ಬೆಂಗಳೂರಿನ ಗೌಡರ ಮಗಳಿಗೂ ಹಿರಿಯರು ಸಂಬಂಧ ಕುದುರಿಸುವ ಹಾಸ್ಯ ಪ್ರಸಂಗ. ಹುಡುಗನಿಗೆ ಗಂಡಸರಲ್ಲಿ ಒಲವು, ಹುಡುಗಿಗೆ ಬೇರೆ ಧರ್ಮದವನಲ್ಲಿ. ತಮ್ಮ ಮತ್ತೊಂದು ನಾಟಕವನ್ನು ಅವರೇ ಬೆಂಗಳೂರಿಗೆ ತಂದು ನಿರ್ದೇಶಿಸಿದ 'ಮ್ಯಾಂಗೊ ಸೂಫ್ಲೆ' (2002) ಚಿತ್ರದಲ್ಲಿ ವಸ್ತ್ರವಿನ್ಯಾಸಕನೊಬ್ಬನ ಹಳೆಯ ಪ್ರಿಯಕರನೇ ಅವನ ಸೋದರಿಯ ಭಾವಿ ಪತಿಯಾಗಿ ಬರುತ್ತಾನೆ. ಕಥಾಸೂತ್ರ ತೀಕ್ಷ್ಣವಾಗಿದೆ, ಸಂಭಾಷಣೆ ಚುರುಕಾಗಿದೆ. ಆದರೆ ಎಲ್ಲವೂ ನಡೆಯುವುದು ತೋಟದ ಮನೆಯೊಂದರಲ್ಲಿ, ಸ್ನೇಹಿತರ ಕೂಟದಲ್ಲಿ. ಪಕ್ಕದ ಮನೆಯವರು ಅಲ್ಲಿಲ್ಲ, ನೀರಿನ ಬಿಲ್ಲಿಲ್ಲ. 1994ರಲ್ಲೇ 'ಗುಡ್ ಆ್ಯಸ್ ಯು' ಎಂಬ ಬೆಂಬಲ ಗುಂಪು ಹುಟ್ಟಿಕೊಂಡಿದ್ದ ನಗರದ ಚಿತ್ರದಲ್ಲಿ ನಗರವೇ ಕಾಣದಿರುವುದು ವಿಚಿತ್ರ.

ನಗರ ಕಾಣಬೇಕಾದರೆ ಗಂಗಾನಗರ, ಆರ್.ಟಿ. ನಗರ, ಹೆಬ್ಬಾಳದಂಥ ಬಡಾವಣೆಗಳ ಬಾಡಿಗೆ ಮನೆಗಳಿಗೆ ಕ್ಯಾಮೆರಾ ಬರಬೇಕು. ಇಲ್ಲಿ ಗಂಡಸರಿಬ್ಬರು ಒಂದೇ ಮನೆಯಲ್ಲಿರುವುದು ಯಾರ ಹುಬ್ಬನ್ನೂ ಏರಿಸುವುದಿಲ್ಲ. 'ಫ್ಯಾಮಿಲಿಗೆ ಮಾತ್ರ' ಎನ್ನುವ ಮಾಲೀಕರನ್ನು ಹೇಗೋ ಒಪ್ಪಿಸಿ, ಅಡ್ವಾನ್ಸ್ ಕೊಟ್ಟು ಒಳಬಂದರೆ, ರೂಮ್‌ಮೇಟ್ ಎಂಬ ಒಂದು ಪದ ಇಡೀ ಸಂಸಾರವನ್ನು ಮುಚ್ಚಿಡಬಲ್ಲದು. ಆ ಪದದ ರಕ್ಷಣೆ ಸಿಗುವುದು ಮೂವತ್ತು ವರ್ಷದ ಆಸುಪಾಸಿನವರೆಗೆ ಮಾತ್ರ. ಆಮೇಲೆ ಊರಿನಿಂದ ಫೋನು ಬರತೊಡಗುತ್ತದೆ, ಜಾತಕ ಬರುತ್ತದೆ, ಮನೆ ಮಾಲೀಕರ ಹೆಂಡತಿಯೇ ಯಾವುದೋ ಸಂಬಂಧ ತರುತ್ತಾರೆ. ಇಷ್ಟು ನಾಟಕ ಕೈಯಳತೆಯಲ್ಲಿದ್ದೂ ಕನ್ನಡ ಸಿನಿಮಾ ಅದನ್ನು ಗಂಭೀರವಾಗಿ ಬಳಸಿಕೊಂಡಿಲ್ಲ.

ಕಾರಣವನ್ನು ಸೆನ್ಸಾರಿನ ಮೇಲೆ ಹಾಕುವುದು ಸುಲಭ, ಆದರೆ ಚೀನಾದ ಉದಾಹರಣೆ ಆ ವಾದವನ್ನು ನಿಲ್ಲಗೊಡುವುದಿಲ್ಲ. ಅಲ್ಲಿ 1997ರವರೆಗೆ ಪುಂಡಾಟಿಕೆಯ ಕಾನೂನಿನಡಿ ಸಲಿಂಗ ಪ್ರೇಮಿಗಳನ್ನು ಹಿಡಿಯಬಹುದಿತ್ತು, 2001ರವರೆಗೆ ಸಲಿಂಗ ಪ್ರೇಮವು ಮನೋರೋಗಗಳ ಪಟ್ಟಿಯಲ್ಲಿತ್ತು; ಅಷ್ಟಿದ್ದೂ ಲೌ ಯೆ ಅವರಂಥ ನಿರ್ದೇಶಕ, ಸರ್ಕಾರ ಐದು ವರ್ಷ ಚಿತ್ರ ಮಾಡದಂತೆ ನಿಷೇಧ ಹೇರಿದ್ದಾಗಲೇ, ನಾನ್‌ಜಿಂಗ್‌ನಲ್ಲಿ ಗುಟ್ಟಾಗಿ 'ಸ್ಪ್ರಿಂಗ್ ಫೀವರ್' (2009) ತೆಗೆದರು. ಕನ್ನಡದಲ್ಲಿ ಯಾರೂ ನಿಷೇಧಿಸಿಲ್ಲ. ಸಲಿಂಗ ಸಂಬಂಧವನ್ನು 377ನೇ ಕಲಮಿನಿಂದ ಹೊರಗಿಟ್ಟ ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪಿನ ಬಳಿಕ ಕಾನೂನಿನ ಅಂಜಿಕೆಯೂ ಇಲ್ಲ. ಇಲ್ಲಿ ತಡೆಯುವುದು ನಾಯಕನಟನ ವರ್ಚಸ್ಸಿನ ಮೇಲೆ, ಅವನ ಅಭಿಮಾನಿ ಸಂಘಗಳ ಮೇಲೆ, ಮೊದಲ ವಾರದ ಗಳಿಕೆಯ ಮೇಲೆ ನಿಂತ ಉದ್ಯಮದ ಲೆಕ್ಕಾಚಾರ. ಶೈಲಜಾ ಪಡಿಂದಾಳ ಅವರ 'ನಾನು ಲೇಡೀಸ್' ಚಿತ್ರ ಹೆಂಗಸರ ನಡುವಿನ ಪ್ರೀತಿಯ ಕಥೆಯೊಂದಿಗೆ ಈ ಲೆಕ್ಕಾಚಾರದ ಹೊರಗಿನಿಂದಲೇ ಬಂದಿತು ಎಂಬುದು ಆಕಸ್ಮಿಕವಲ್ಲ.

ಇಡೀ ಪರಂಪರೆಯ ಮೇಲೆ, ಚೀನಾದ್ದನ್ನೂ ಸೇರಿಸಿಕೊಂಡು, ಹೊರಿಸಬೇಕಾದ ಇನ್ನೊಂದು ದೋಷವಿದೆ. 'ಲಾನ್ ಯು' ಚಿತ್ರದಲ್ಲಿ ಹಾನ್‌ಡಾಂಗ್ ಕೈಹಿಡಿದ ಹೆಣ್ಣಾಗಲಿ, ಕಾರ್ತಿಕನ ವಧುವಾಗಲಿ, ಗಂಡಸರ ದುಃಖಕ್ಕೆ ನೆಪವಾಗಿ ಬಂದು ಮರೆಯಾಗುತ್ತಾರೆ. ಮೋಸಹೋದವರಲ್ಲಿ ತಾವೂ ಇದ್ದೇವೆ ಎನ್ನಲು ಅವರಿಗೆ ಪುಟವೂ ಇಲ್ಲ, ದೃಶ್ಯವೂ ಇಲ್ಲ. ನೆರೆಯ ಮಲಯಾಳಂನಲ್ಲಿ ಜಿಯೊ ಬೇಬಿ ನಿರ್ದೇಶಿಸಿದ 'ಕಾದಲ್ ದಿ ಕೋರ್' (2023) ಈ ಕೊರತೆಯನ್ನೇ ಕಥೆಯ ಕೇಂದ್ರವಾಗಿಸಿತು. ಸ್ಥಳೀಯ ಚುನಾವಣೆಗೆ ನಿಂತ ಮಾಥ್ಯೂ ಎಂಬ ಮಧ್ಯವಯಸ್ಕ ಸಲಿಂಗ ಪ್ರೇಮಿಯ ಮೇಲೆ ವಿಚ್ಛೇದನದ ಮೊಕದ್ದಮೆ ಹೂಡುವವಳು ಅವನ ಹೆಂಡತಿ ಓಮನಾ, ಮತ್ತು ಅವಳ ಸಿಟ್ಟಿನಲ್ಲಿ ಗಂಡನ ಬಿಡುಗಡೆಯ ಬಯಕೆಯೂ ಕಲೆತಿದೆ. ಮಾಥ್ಯೂ ಆಗಿ ನಟಿಸಿದ ಮಮ್ಮುಟ್ಟಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ತಮ್ಮದೇ ಸಂಸ್ಥೆಯ ಹಣ ಹೂಡಿ ಚಿತ್ರವನ್ನು ಚಿತ್ರಮಂದಿರಕ್ಕೆ ತಂದರು. ಅವರ ಅಂತಸ್ತಿನ ಕನ್ನಡದ ಯಾವ ನಟನೂ ಇದುವರೆಗೆ ಅಂಥ ಪಾತ್ರಕ್ಕೆ ಬಣ್ಣ ಹಚ್ಚಿಲ್ಲ.